ಆರು ಕೆಜಿ ಪೈಪು ಬಿಸಿಲಿಗೆ ಎಷ್ಟು ಕೆಜಿ?

ಬಾಗಲಕೋಟೆ ಜಿಲ್ಲೆಯ ಗಲಗಲಿ ಕಡೆ ಕಬ್ಬಿನ ಹೊಲಕ್ಕೆ ಪೈಪ್‌ಲೈನ್ ಹಾಕುವವರ ಬಳಿ ಕಪ್ಲಿಂಗ್ ಮುಗಿದುಹೋದರೆ ಕೆಲಸವೇನೂ ನಿಲ್ಲುವುದಿಲ್ಲ. ಬದುವಿನ ಮೇಲೆ ಬಿದ್ದ ಒಂದು ಹಿಡಿ ರವದಿಗೆ (ಕಬ್ಬಿನ ಒಣ ಗರಿಗೆ) ಬೆಂಕಿ ಹಚ್ಚಿ, ಪಿವಿಸಿ ಪೈಪಿನ ತುದಿಯನ್ನು ಉರಿಯ ಮೇಲೆ ತಿರುಗಿಸುತ್ತ ಹಿಡಿಯುತ್ತಾರೆ. ಮೊದಮೊದಲು ಏನೂ ಆಗದು. ಆಮೇಲೆ ಒಮ್ಮೆಗೇ, ಈಗಷ್ಟೇ ಕಲ್ಲಿಗೆ ಬಡಿದರೆ ಟಣ್ ಎನ್ನುತ್ತಿದ್ದ ಕೊಳವೆ ತನ್ನ ಭಾರಕ್ಕೇ ತಾನು ಜೋಲತೊಡಗುತ್ತದೆ. ಆ ಕ್ಷಣಕ್ಕೇ ಕಾದಿದ್ದ ಇನ್ನೊಬ್ಬ ಬೇರೆ ಪೈಪಿನ ತುದಿಯನ್ನು ಅದರೊಳಗೆ ನಾಲ್ಕು ಬೆರಳು ತುರುಕಿ, ಒದ್ದೆ ಗೋಣಿ ಸುತ್ತುತ್ತಾನೆ. ‘ಬಾಯಿ’ ತಯಾರು. ತಣಿದ ಮೇಲೆ ಬಿಡಿಸಿ, ಸಲ್ಯೂಶನ್ ಹಚ್ಚಿ ಕೂಡಿಸಿದರಾಯಿತು. ಅವಸರ ಮಾಡಿ ಹೆಚ್ಚು ಸುಟ್ಟರೆ ಪೈಪು ಕಂದು ಬಣ್ಣಕ್ಕೆ ತಿರುಗಿ ಮೂಗು ಉರಿಸುವ ಹೊಗೆ ಬಿಡುತ್ತದೆ. ಅದು ಹೈಡ್ರೋಜನ್ ಕ್ಲೋರೈಡ್ ಅನಿಲ, ನೀರಿನಲ್ಲಿ ಕರಗಿದರೆ ಹೈಡ್ರೋಕ್ಲೋರಿಕ್ ಆಮ್ಲ. ಕುಡಿಯಬೇಕಾದ ಹೊಗೆ ಖಂಡಿತ ಅಲ್ಲ.

ಈ ಕೆಲಸದಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿ ಇದೆ. ಹೀಗೆ ಮಾಡಿದ ಬಾಯಿಯನ್ನು, ಒಳಗೆ ಪೈಪಿಲ್ಲದೆ, ಮತ್ತೆ ಉರಿಗೆ ಹಿಡಿದು ನೋಡಿ. ಅಗಲಿಸಿದ ತುದಿ ನಿಧಾನವಾಗಿ ಕುಗ್ಗಿ ಹಳೆಯ ಅಳತೆಯ ಕಡೆಗೆ ಮರಳುತ್ತದೆ. ಕರಗಿದ ವಸ್ತುವಾಗಿದ್ದರೆ ತನ್ನ ಹಳೆಯ ಆಕಾರ ಅದಕ್ಕೆ ನೆನಪಿರಬಾರದಿತ್ತು. ಅಂದರೆ ಪೈಪು ಕರಗಿರಲಿಲ್ಲ, ರಬ್ಬರಿನ ಸ್ಥಿತಿಗೆ ಹೋಗಿತ್ತು.

ಪ್ಲಾಸ್ಟಿಕ್ ಎಂದರೆ ಬಹಳ ಉದ್ದನೆಯ ಅಣುಗಳ ಗೋಜಲು. ಪೈಪಿನ ಪಿವಿಸಿಯಲ್ಲಿ ಒಂದೊಂದು ಅಣುವೂ ಸಾವಿರದಷ್ಟು ಕೊಂಡಿಗಳ ಸರಪಳಿ. ಉಷ್ಣತೆ ಎಂಬುದು ಆ ಕೊಂಡಿಗಳ ಕುಣಿತ. ತಣ್ಣಗಿದ್ದಾಗ ಪ್ರತಿ ಕೊಂಡಿಯೂ ಇದ್ದಲ್ಲೇ ನಡುಗುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಆಗ ಪ್ಲಾಸ್ಟಿಕ್ ಗಾಜಿನ ಹಾಗೆ ಬಿಗಿ. ಕಾವು ಒಂದು ಮಟ್ಟ ದಾಟಿದ ಮೇಲೆ ಸರಪಳಿಯ ತುಂಡು ತುಂಡುಗಳೇ ಹೊರಳಾಡಲು ಶುರುವಿಡುತ್ತವೆ. ಗೋಜಲು ಮಾತ್ರ ಬಿಡಿಸಿಕೊಳ್ಳುವುದಿಲ್ಲ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಈ ಮಟ್ಟಕ್ಕೆ ವಿಜ್ಞಾನಿಗಳು ‘ಗಾಜು ಸಂಕ್ರಮಣ ಉಷ್ಣತೆ’ ಎಂದು ಉದ್ದನೆಯ ಹೆಸರಿಟ್ಟಿದ್ದಾರೆ. ನಾವು ಇಲ್ಲಿ ‘ಮೆತ್ತಗಾಗುವ ಗಡಿ’ ಎನ್ನೋಣ. ಪೈಪಿನ ಪಿವಿಸಿಗೆ ಇದು ಸುಮಾರು 80 ಡಿಗ್ರಿ ಸೆಲ್ಸಿಯಸ್. ನೀರು ಕುದಿಯುವುದಕ್ಕಿಂತಲೂ ಕಡಿಮೆ!

ಇದನ್ನು ಮನದಟ್ಟು ಮಾಡಿಕೊಳ್ಳಲು ಪ್ರಯೋಗಶಾಲೆ ಬೇಡ, ಮಹಾಲಿಂಗಪುರದ ಪೇಟೆಯಿಂದ ಒಂದು ಪೆಂಟೆ ಬೆಲ್ಲ ತಂದರೆ ಸಾಕು. ಮಾಗಿಯ ಚಳಿಯಲ್ಲಿ ಅದೇ ಬೆಲ್ಲ ಕುಟ್ಟಿದರೆ ಚೂರುಚೂರಾಗಿ ಸಿಡಿಯುತ್ತದೆ. ಏಪ್ರಿಲ್‌ನಲ್ಲಿ ಬೆರಳಿನಿಂದ ಒತ್ತಿದರೂ ತಗ್ಗು ಬೀಳುತ್ತದೆ. ಮಳೆಗಾಲದ ತೇವ ಹೀರಿಕೊಂಡರಂತೂ ಜಿನುಗತೊಡಗುತ್ತದೆ, ಉಷ್ಣತೆ ಏರದಿದ್ದರೂ. ಬೇಸಿಗೆಯಲ್ಲಿಯೂ ಅದನ್ನು ಕಲ್ಲಿನಿಂದ ಫಟ್ಟನೆ ಹೊಡೆದರೆ ಒಡೆಯುತ್ತದೆ, ಮೇಲೆ ಭಾರ ಹೇರಿ ಬಿಟ್ಟರೆ ಬೆಳಗಾಗುವುದರಲ್ಲಿ ಚಪ್ಪಟೆಯಾಗುತ್ತದೆ. ಕಾವು, ತೇವ, ಹೊತ್ತು ಈ ಮೂರೂ ಸೇರಿ ಅದು ಎಷ್ಟು ಗಟ್ಟಿ ಎಂದು ತೀರ್ಮಾನಿಸುತ್ತವೆ. ಪ್ಲಾಸ್ಟಿಕ್ಕಿನದೂ ಇದೇ ಕತೆ, ಕಾರಣವೂ ಬಹುಪಾಲು ಅದೇ: ಬೆಲ್ಲದ ಒಂದು ಭಾಗ ಹರಳುಗಟ್ಟದ, ಗಾಜಿನ ರೂಪದ ಸಕ್ಕರೆ, ಅದಕ್ಕೂ ಮೆತ್ತಗಾಗುವ ಗಡಿಯಿದೆ, ನೀರು ಸೇರಿದಂತೆಲ್ಲ ಆ ಗಡಿ ಕೆಳಗಿಳಿಯುತ್ತದೆ.

ಕಬ್ಬಿಣಕ್ಕೆ ಈ ಗೊಡವೆ ಇಲ್ಲ. ಅದು ಕರಗುವುದು 1500 ಡಿಗ್ರಿ ಮೇಲೆ. ಆ ಲೆಕ್ಕದಲ್ಲಿ ಬೀಳಗಿಯ ಚಳಿಗಾಲದ ನಸುಕಿನ 14 ಡಿಗ್ರಿಯೂ ಬೇಸಿಗೆಯ 41 ಡಿಗ್ರಿಯೂ ಒಂದೇ. ಪಿವಿಸಿಗೆ ಹಾಗಲ್ಲ. ನಮ್ಮ ಬಿಸಿಲಿಗೂ ಅದು ಮೆತ್ತಗಾಗುವ ಗಡಿಗೂ ನಡುವೆ ಉಳಿಯುವುದು ನಲವತ್ತು ಡಿಗ್ರಿಯಷ್ಟು ಜಾಗ. ಅಷ್ಟು ಹತ್ತಿರ ಬದುಕುವ ವಸ್ತುವಿಗೆ ಒಂದೊಂದು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ.

ಈಗ ಅಂಗಡಿಗೆ ಹೋಗೋಣ.

“ಆರ ಕೆಜೀದು ಮೂರ ಇಂಚಿ ಪೈಪ್ ಕೊಡ್ರಿ ಅಣ್ಣಾರ,” ಎನ್ನುತ್ತಾರೆ ಗಿರಾಕಿ. ಇಲ್ಲಿ ಕೆಜಿ ಎಂದರೆ ಪೈಪಿನ ತೂಕವಲ್ಲ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಕಿಲೋಗ್ರಾಂ ಒತ್ತಡವನ್ನು ಪೈಪು ವರ್ಷಾನುಗಟ್ಟಲೆ ತಡೆಯಬಲ್ಲದು ಎಂಬ ಅಳತೆ. ಭಾರತೀಯ ಮಾನಕ ಐಎಸ್ 4985ರ ಪ್ರಕಾರ 2.5, 4, 6, 8, 10, 12.5 ಕೆಜಿಯ ದರ್ಜೆಗಳಿವೆ. ಆದರೆ ಆ ಮಾನಕದಲ್ಲೇ ಒಂದು ಷರತ್ತು ಕೂತಿದೆ: ಈ ಒತ್ತಡವೆಲ್ಲ 27 ಡಿಗ್ರಿಯಲ್ಲಿ. ಅಂಗಡಿಯ ಮಾತಿನಲ್ಲಿ ಆ 27 ಯಾವತ್ತೂ ಬರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಮಧ್ಯಾಹ್ನ 27 ಡಿಗ್ರಿ ಇರುವ ಜಾಗವನ್ನು ಹುಡುಕಬೇಕೆಂದರೆ ಬಾವಿಗೇ ಇಳಿಯಬೇಕು.

ಉಷ್ಣತೆ ಏರಿದಂತೆ ಬಲ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಅಮೆರಿಕದ ಪಿವಿಸಿ ಪೈಪ್ ಉದ್ಯಮ ಬಹುಕಾಲದಿಂದ ಬಳಸುತ್ತಿರುವ ಒಂದು ಕೋಷ್ಟಕವಿದೆ. 23 ಡಿಗ್ರಿಯಲ್ಲಿ ಪೈಪಿನ ಬಲ 100 ಎಂದು ಹಿಡಿದರೆ 27ರಲ್ಲಿ 88, 32ರಲ್ಲಿ 75, 38ರಲ್ಲಿ 62, 43ರಲ್ಲಿ 50, 49ರಲ್ಲಿ 40. ಅರುವತ್ತಕ್ಕೆ ಬರುವಾಗ ಉಳಿಯುವುದು 22 ಮಾತ್ರ. ನಮ್ಮ 27 ಡಿಗ್ರಿಯ ಆರು ಕೆಜಿ ಪೈಪನ್ನು ಈ ಕೋಷ್ಟಕಕ್ಕೆ ಹಿಡಿದು ನೋಡಿ. ಗೋಡೆ 43 ಡಿಗ್ರಿ ತಲುಪಿದಾಗ ಅದು ಸುಮಾರು 3.4 ಕೆಜಿ ಪೈಪು, 49ಕ್ಕೆ 2.7 ಕೆಜಿ. ಆರು ಕೆಜಿಯ ದುಡ್ಡು ಕೊಟ್ಟು ತಂದದ್ದು ಬಿಸಿಲಲ್ಲಿ ಬಿದ್ದ ಮಾತ್ರಕ್ಕೆ ಮೂರು ಕೆಜಿಗಿಂತ ಕೆಳಗಿಳಿದಿರುತ್ತದೆ. ಕಪ್ಪು ಮಣ್ಣಿನ ಎರಿ ಹೊಲದ ಮೇಲೆ ಬೋಳಾಗಿ ಮಲಗಿದ ಪೈಪಿನ ಮೈ 50 ಡಿಗ್ರಿ ದಾಟುವುದು ಬೇಸಿಗೆಯಲ್ಲಿ ವಿಶೇಷವೇನಲ್ಲ.

ಈ ಭಾಗದಲ್ಲಿ ಇದು ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಬೇಸಿಗೆಯಲ್ಲಿ ಒಣಗುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ನಿಂತ ನೀರನ್ನು ಹೊಲಕ್ಕೆ ಏರಿಸಿದ್ದು ಪಂಪ್‌ಸೆಟ್ಟು ಮತ್ತು ಪೈಪು. ಹೊಳೆದಂಡೆಯಿಂದ ದೂರದೂರದ ಹೊಲಗಳಿಗೆ ಕೊಳವೆ ಎಳೆದೇ ಇಲ್ಲಿ ಕಬ್ಬು ಬೆಳೆದಿರುವುದು. ಹತ್ತು ಮೀಟರು ಎತ್ತರಕ್ಕೆ ನೀರೆತ್ತಲು ಸುಮಾರು ಒಂದು ಕೆಜಿ ಒತ್ತಡ ಬೇಕು. ಹೊಳೆಗಿಂತ ಮೂವತ್ತು ಮೀಟರು ಮೇಲಿರುವ ಹೊಲಕ್ಕೆ ಮೂರು ಕೆಜಿ, ದಾರಿಯುದ್ದಕ್ಕೂ ಪೈಪಿನ ಗೋಡೆಗೆ ನೀರು ತಿಕ್ಕುವುದರಿಂದ ಆಗುವ ನಷ್ಟಕ್ಕೆ ಇನ್ನೊಂದು ಎಂದುಕೊಂಡರೆ ನಾಲ್ಕಾಯಿತು. ಆರು ಕೆಜಿ ಪೈಪು ಧಾರಾಳ ಸಾಕು ಎನಿಸುತ್ತದೆ, ಪೈಪು ತಣ್ಣಗಿದ್ದರೆ.

ನೀರು ಹರಿಯುತ್ತಿರುವಷ್ಟು ಹೊತ್ತು ತಣ್ಣಗೇ ಇರುತ್ತದೆ ಅನ್ನಿ, ಏಕೆಂದರೆ ಹೊಳೆಯ ನೀರೇ ಅದನ್ನು ಒಳಗಿನಿಂದ ತಂಪು ಮಾಡುತ್ತದೆ. ಎಡವಟ್ಟು ಇರುವುದು ಕರೆಂಟಿನಲ್ಲಿ. ನಡು ಮಧ್ಯಾಹ್ನ ತ್ರೀ ಫೇಸ್ ಹೋಗುತ್ತದೆ. ಪೈಪು ಎರಡು ಮೂರು ತಾಸು ಬಿಸಿಲಿಗೆ ಬೇಯುತ್ತದೆ, ಒಳಗೆ ನೀರು ನಿಂತಿದ್ದರೆ ಅದೂ ಕಾಯುತ್ತದೆ. ಮತ್ತೆ ಕರೆಂಟ್ ಬಂದು ಮೋಟರ್ ಜಗ್ಗಿದಾಗ ಒತ್ತಡ ಕೆಲವೇ ಸೆಕೆಂಡುಗಳಲ್ಲಿ ಪೂರ್ತಿ ಏರುತ್ತದೆ. ತಂಪು ಅಷ್ಟು ಬೇಗ ಬರುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಶಾಖ ನುಸುಳುವುದು ತೀರಾ ನಿಧಾನ, ಉಕ್ಕಿಗೆ ಹೋಲಿಸಿದರೆ ಇನ್ನೂರು ಪಟ್ಟಿಗಿಂತ ಹೆಚ್ಚು ನಿಧಾನವಾಗಿ ಅದು ಶಾಖವನ್ನು ಸಾಗಿಸುತ್ತದೆ. ನಾಲ್ಕು ಮಿಲಿಮೀಟರು ದಪ್ಪದ ಗೋಡೆಯಿಂದ ಬಿಸಿ ಹೋಗಲು ಲೆಕ್ಕದ ಪ್ರಕಾರ ಎರಡು ಮೂರು ನಿಮಿಷವೇ ಬೇಕು. ಒಳಗಡೆ ಹಳೆಯ ಬಿಸಿನೀರೇ ನಿಂತಿದ್ದರೆ, ಹೊಸ ನೀರು ಅಲ್ಲಿಗೆ ಬಂದು ಮುಟ್ಟುವ ಹೊತ್ತನ್ನೂ ಕೂಡಿಸಬೇಕು. ಆ ಕೆಲವು ನಿಮಿಷ ಪೈಪು ತನ್ನ ದುರ್ಬಲ ಸ್ಥಿತಿಯಲ್ಲಿ ಪೂರ್ತಿ ಭಾರ ಹೊರುತ್ತಿರುತ್ತದೆ.

ಹಾಗಿದ್ದರೆ ಬೇಸಿಗೆಯಲ್ಲಿ ದಿನವೂ ಪೈಪು ಸಿಡಿಯಬೇಕಿತ್ತಲ್ಲ? ಸಿಡಿಯುವುದಿಲ್ಲ. ಇಲ್ಲಿ ಹೊತ್ತಿನ ಲೆಕ್ಕ ಬರುತ್ತದೆ. ಆರು ಕೆಜಿ ಎಂಬುದು ಹತ್ತಾರು ವರ್ಷ ಸತತವಾಗಿ ಹೊತ್ತುಕೊಂಡಿರಬಲ್ಲ ಒತ್ತಡ. ಕೆಲವು ಗಳಿಗೆಗೆ ಅದರ ಎರಡು ಮೂರು ಪಟ್ಟನ್ನೂ ಅದು ತಾಳುತ್ತದೆ. ಭಾರದ ಅಡಿಯಲ್ಲಿ ಸರಪಳಿಗಳು ಒಂದರ ಮೇಲೊಂದು ಜಾರಬೇಕಾದರೆ ಪ್ರತಿ ಜಾರುವಿಕೆಗೂ ಒಂದು ತಡೆ ದಾಟಬೇಕು. ತಡೆ ದಾಟಲು ಬೇಕಾದ ಚೈತನ್ಯ ಬರುವುದು ಕಾವಿನಿಂದ. ಭಾರ ಆ ತಡೆಯನ್ನು ಒಂದಿಷ್ಟು ತಗ್ಗಿಸಿಕೊಡುತ್ತದೆ. 1936ರಲ್ಲಿ ಹೆನ್ರಿ ಐರಿಂಗ್ ಕೊಟ್ಟ ಈ ಚಿತ್ರ ಈಗಲೂ ಕೆಲಸಕ್ಕೆ ಬರುತ್ತದೆ. ಕಾವು ಹೆಚ್ಚಾದರೆ ಒಂದು ವರ್ಷದಲ್ಲಿ ಆಗುವ ಜಾರುವಿಕೆ ಒಂದು ತಿಂಗಳಲ್ಲಿ ಆಗುತ್ತದೆ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್, ಫೆರಿ ಎಂಬ ಮೂವರು ಇದಕ್ಕೊಂದು ಸೂತ್ರವನ್ನೇ ಬರೆದರು: ಮೆತ್ತಗಾಗುವ ಗಡಿಯ ಮೇಲಿರುವ ಪ್ಲಾಸ್ಟಿಕ್ಕಿಗೆ ಉಷ್ಣತೆ ಏರಿಸುವುದೂ ಕಾಲವನ್ನು ಹಿಗ್ಗಿಸುವುದೂ ಒಂದೇ. ಗಡಿಯ ಕೆಳಗಿರುವ ನಮ್ಮ ಪೈಪಿಗೆ ಆ ಸೂತ್ರ ಹಾಗೆಯೇ ಹೊಂದದಿದ್ದರೂ ತತ್ವ ಅದೇ: ಬೇಸಿಗೆಯ ಪ್ರತಿ ಮಧ್ಯಾಹ್ನ ಪೈಪಿನ ಆಯುಷ್ಯದಿಂದ ಬೇಗಬೇಗ ದಿನಗಳನ್ನು ಖರ್ಚು ಮಾಡುತ್ತಿರುತ್ತದೆ. ಒಡೆಯುವುದು ಮುಂದೆಂದೋ, ಸಾಮಾನ್ಯವಾಗಿ ಬಾಯಿ ಕೂಡಿಸಿದ ಜಾಗದಲ್ಲಿ. ಆಗ ಬೈಸಿಕೊಳ್ಳುವುದು ಸಲ್ಯೂಶನ್.

ಹಿಗ್ಗುವುದು ಇನ್ನೊಂದು ಉಪದ್ರವ. ಆರು ಮೀಟರಿನ ಒಂದು ಪಿವಿಸಿ ಪೈಪು ನಸುಕಿನಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಏರಿದರೆ 12-13 ಮಿಲಿಮೀಟರು ಉದ್ದವಾಗುತ್ತದೆ. ಹನಿ ನೀರಾವರಿಯ ಕಪ್ಪು ಲ್ಯಾಟರಲ್ ಪಾಲಿಥೀನಿನದು, ಅದು ಇನ್ನೂ ಹೆಚ್ಚು ಹಿಗ್ಗುವ ಜಾತಿ: ನೂರು ಮೀಟರಿಗೆ ಅರ್ಧ ಮೀಟರು. ಬೆಳಿಗ್ಗೆ ದಾರ ಹಿಡಿದಂತೆ ನೇರ ಬಿಟ್ಟ ಲ್ಯಾಟರಲ್ ಹೊತ್ತೇರಿದಾಗ ಸಾಲು ಬಿಟ್ಟು ಸೊಟ್ಟಗಾಗುವುದು ಇದರಿಂದಲೇ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಗಿದು ಎರಡೂ ತುದಿಗೆ ಕಟ್ಟಿದರೆ ರಾತ್ರಿಯ ತಂಪಿಗೆ ಕುಗ್ಗಿ ಜಾಯ್ನರಿನಿಂದ ಕಿತ್ತುಕೊಂಡು ಬರುತ್ತದೆ. ತುಸು ಸಡಿಲ ಬಿಡುವವರೇ ಜಾಣರು.

ಪಾಲಿಥೀನಿನ ಗುಣವೇ ಬೇರೆ. ಅದರ ಮೆತ್ತಗಾಗುವ ಗಡಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಅಂದರೆ ಅದು ಯಾವತ್ತೋ ಆ ಗಡಿ ದಾಟಿ ಈಚೆ ಬಂದಿದೆ. ಆದರೂ ಅದು ಗಟ್ಟಿಯಾಗಿ ನಿಂತಿರುವುದು ಸರಪಳಿಗಳು ಅಲ್ಲಲ್ಲಿ ಒತ್ತಾಗಿ ಮಡಿಚಿಕೊಂಡು ಹರಳುಗಟ್ಟಿರುವುದರಿಂದ. ಆ ಹರಳುಗಳು ಕರಗುವುದು 130 ಡಿಗ್ರಿಯ ಆಸುಪಾಸು. ಹಾಗಾಗಿ ಕಪ್ಪು ಎಚ್‌ಡಿಪಿಇ ಪೈಪು ಸುರುಳಿ ಸುತ್ತಲು ಬರುತ್ತದೆ, ಚಳಿಯಲ್ಲಿ ಕಲ್ಲು ಬಿದ್ದರೂ ಸೀಳುವುದಿಲ್ಲ. ಪಿವಿಸಿ ಚಳಿಗೆ ಬಿರುಸಾಗಿ ಹೊಡೆತಕ್ಕೆ ಸೀಳುತ್ತದೆ, ಎರಡು ಬೇಸಿಗೆ ಬಿಸಿಲು ಕುಡಿದ ಪೈಪಂತೂ ಸರಿಯೇ ಸರಿ. ಬಿಸಿಗೆ ಎಚ್‌ಡಿಪಿಇ ಕೂಡ ಸೋಲುತ್ತದೆ, ಆದರೆ ನಿಧಾನವಾಗಿ: 20 ಡಿಗ್ರಿಯ ಬಲ 100 ಇದ್ದರೆ 40 ಡಿಗ್ರಿಯಲ್ಲಿ 74 ಎನ್ನುತ್ತದೆ ಅಂತರರಾಷ್ಟ್ರೀಯ ಮಾನಕ. ಹೊಲದ ಮೇಲೆಯೇ ಪೈಪು ಬಿಡುವುದು ಅನಿವಾರ್ಯವಾದರೆ ನನ್ನ ಮತ ಕಪ್ಪು ಪೈಪಿಗೆ. ಹೂಳುವುದಾದರೆ ಪಿವಿಸಿಯೇ ಆದೀತು.

ಇಲ್ಲಿಯವರೆಗೆ ಬಿಸಿ ಬಂದದ್ದು ಸೂರ್ಯನಿಂದ. ಪ್ಲಾಸ್ಟಿಕ್ಕು ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದನ್ನು ನೋಡಬೇಕಾದರೆ ರಬಕವಿ-ಬನಹಟ್ಟಿಗೆ ಬರಬೇಕು.

ಪತ್ರಾಸ್ ಶೆಡ್ಡಿನ ಕೆಳಗೆ ಪಾವರ್‌ಲೂಮಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಆ ಸದ್ದಿನ ಬಹುಪಾಲು ಲಾಳಿಯದು. ಪಿಕರ್ ಎಂಬ ಪುಟ್ಟ ತುಂಡು ಲಾಳಿಯ ಮೂತಿಗೆ ಬಡಿದು ಆಚೆ ಅಟ್ಟುತ್ತದೆ, ಆಚೆಯ ಪಿಕರ್ ಈಚೆ ಅಟ್ಟುತ್ತದೆ. ಹಿಂದೆ ಪಿಕರನ್ನು ಎಮ್ಮೆಯ ಹಸಿ ಚರ್ಮದಲ್ಲಿ ಮಾಡಿ ಎಣ್ಣೆಯಲ್ಲಿ ನೆನೆಸಿ ಬಳಸುತ್ತಿದ್ದರು. ಈಗ ಪ್ಲಾಸ್ಟಿಕ್. ಲಾಳಿ 400 ಗ್ರಾಂ, ವೇಗ ಸೆಕೆಂಡಿಗೆ 12 ಮೀಟರು, ನಿಮಿಷಕ್ಕೆ 150 ಹೊಡೆತ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಪ್ರತಿ ಸಲ ಲಾಳಿ ನಿಲ್ಲುವಾಗ ಸುಮಾರು 29 ಜೂಲ್ ಚೈತನ್ಯವನ್ನು ಎಲ್ಲೋ ಬಿಟ್ಟುಕೊಡಬೇಕು. ಒಟ್ಟು 70 ವ್ಯಾಟ್‌ನಷ್ಟು. ಅದರ ಬಹುಪಾಲು ಲಾಳಿಪೆಟ್ಟಿಗೆಯಲ್ಲಿ, ಪಿಕರಿನಲ್ಲಿ, ಅವು ತಿಕ್ಕಾಡುವ ಜಾಗಗಳಲ್ಲಿ ಬಿಸಿಯಾಗಿ ಕೂರುತ್ತದೆ. ಉಕ್ಕಾಗಿದ್ದರೆ ಬಿಸಿ ಹರಡಿಹೋಗುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಅದು ಹುಟ್ಟಿದ ಜಾಗ ಬಿಟ್ಟು ಕದಲುವುದಿಲ್ಲ.

ಘರ್ಷಣೆಯ ಬಗ್ಗೆ ಶಾಲೆಯಲ್ಲಿ ಕಲಿಯುವ ನಿಯಮ ಸರಳ: ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟು, ವೇಗ-ಉಷ್ಣತೆಗಳ ಹಂಗಿಲ್ಲ. ಲೋಹಗಳಿಗೆ ಇದು ಹೆಚ್ಚುಕಡಿಮೆ ಸರಿ. ಪ್ಲಾಸ್ಟಿಕ್ಕು ಈ ನಿಯಮಕ್ಕೆ ಮಣಿಯುವುದಿಲ್ಲ. ಎಷ್ಟೇ ನುಣುಪಾಗಿ ಕಂಡರೂ ಎರಡು ಮೈಗಳು ನಿಜವಾಗಿ ತಾಗುವುದು ಸಣ್ಣ ಸಣ್ಣ ದಿಬ್ಬಗಳ ನೆತ್ತಿಯಲ್ಲಿ ಮಾತ್ರ ಎಂದು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ತೋರಿಸಿಕೊಟ್ಟರು. ತಾಗಿದ ಕಡೆ ಅಂಟಿಕೊಳ್ಳುತ್ತವೆ. ಆ ಅಂಟನ್ನು ಹರಿದು ಸಾಗಲು ಬೇಕಾದ ಬಲವೇ ಘರ್ಷಣೆ. ಈಗ ಬಿಸಿ ಏರಿದರೆ ಒಂದಕ್ಕೊಂದು ವಿರುದ್ಧವಾದ ಎರಡು ಸಂಗತಿ ನಡೆಯುತ್ತವೆ. ಮೆತ್ತಗಾದ ದಿಬ್ಬಗಳು ಚಪ್ಪಟೆಯಾಗಿ ತಾಗುವ ಜಾಗ ಹೆಚ್ಚುತ್ತದೆ, ಹಾಗಾಗಿ ಘರ್ಷಣೆ ಏರಬೇಕು. ಆದರೆ ಮೆತ್ತಗಾದ ಅಂಟನ್ನು ಹರಿಯುವುದು ಸುಲಭ, ಹಾಗಾಗಿ ಇಳಿಯಬೇಕು. ಯಾವುದು ಗೆಲ್ಲುತ್ತದೆ ಎಂಬುದು ಆ ಪ್ಲಾಸ್ಟಿಕ್ಕು, ಆ ಉಷ್ಣತೆ, ಆ ವೇಗಕ್ಕೆ ಬಿಟ್ಟದ್ದು. 1963ರಲ್ಲಿ ಗ್ರೋಶ್ ಎಂಬ ವಿಜ್ಞಾನಿ ರಬ್ಬರಿನ ಮೇಲೆ ಅಳೆದು ನೋಡಿದಾಗ ಬೇರೆ ಬೇರೆ ಉಷ್ಣತೆಯ ಅಳತೆಗಳೆಲ್ಲ ಒಂದೇ ಗೆರೆಯ ಮೇಲೆ ಕೂತವು. ನಿಧಾನವಾಗಿ ಜಾರಿದ ತಣ್ಣನೆಯ ರಬ್ಬರೂ ವೇಗವಾಗಿ ಜಾರಿದ ಬಿಸಿ ರಬ್ಬರೂ ಒಂದೇ ರೀತಿ ಹಿಡಿದುಕೊಳ್ಳುತ್ತಿದ್ದವು. ಆ ಗೆರೆ ಒಂದು ಶಿಖರಕ್ಕೆ ಏರಿ ಮತ್ತೆ ಇಳಿಯುತ್ತಿತ್ತು.

ಮೈ ಕರಗುವಷ್ಟು ಬಿಸಿಯಾದರೆ ಕರಗಿದ ಪೊರೆಯೇ ಎಣ್ಣೆಯಾಗಿ ಘರ್ಷಣೆ ಧಡ್ಡನೆ ಇಳಿಯುತ್ತದೆ. ಅಷ್ಟು ಹೊತ್ತಿಗೆ ಆ ಭಾಗದ ಕತೆ ಮುಗಿದಿರುತ್ತದೆ. ನೈಲಾನ್ ಹಗ್ಗದ ಮೇಲೆ ಇನ್ನೊಂದು ನೈಲಾನ್ ಹಗ್ಗ ಒಂದೇ ಜಾಗದಲ್ಲಿ ಜೋರಾಗಿ ಎಳೆದಾಡಿದರೆ ಗರಗಸ ಹಾಕಿದಂತೆ ತುಂಡಾಗುವುದು ಹೀಗೆ.

ಶಾಫ್ಟು ಒಳಗೆ ತಿರುಗುವ ನೈಲಾನ್ ಬುಷ್ಷಿನ ಕತೆ ಇನ್ನೂ ಸ್ವಾರಸ್ಯದ್ದು. ಗನ್‌ಮೆಟಲ್ ತುಟ್ಟಿ, ಎಣ್ಣೆ ಬಿಡದಿದ್ದರೆ ಕಿರುಗುಡುತ್ತದೆ ಎಂದು ಅದರ ಜಾಗಕ್ಕೆ ನೈಲಾನ್ ಕಡೆದು ಹಾಕುತ್ತಾರೆ. ಸಾವಿರ ನ್ಯೂಟನ್ ಭಾರ ಎಂದಿಟ್ಟುಕೊಳ್ಳಿ, ಅಂದರೆ ಒಂದು ಕ್ವಿಂಟಲ್ಲಿನಷ್ಟು. ಘರ್ಷಣೆಯ ಗುಣಾಂಕ 0.25, ಜಾರುವ ವೇಗ ಸೆಕೆಂಡಿಗೆ ಅರ್ಧ ಮೀಟರು. ಹುಟ್ಟುವ ಬಿಸಿ 125 ವ್ಯಾಟ್. ನೈಲಾನು ಅದನ್ನು ಹೊರಗೆ ಬಿಡದು, ಹೋಗುವುದಿದ್ದರೆ ಶಾಫ್ಟಿನ ಮೂಲಕವೇ ಹೋಗಬೇಕು. ಬುಷ್ ಕಾಯುತ್ತದೆ. ನೈಲಾನು ಉಕ್ಕಿಗಿಂತ ಏಳೆಂಟು ಪಟ್ಟು ಹೆಚ್ಚು ಹಿಗ್ಗುವ ವಸ್ತು. ಹೊರಗಡೆ ಕಬ್ಬಿಣದ ಮನೆ ಅದನ್ನು ಬಿಗಿದಿರುವುದರಿಂದ ಅದು ಒಳಕ್ಕೇ ಹಿಗ್ಗಬೇಕು. ತೂತು ಕಿರಿದಾಗಿ ಶಾಫ್ಟನ್ನು ಅಮುಕುತ್ತದೆ. ಅಮುಕಿದರೆ ಘರ್ಷಣೆ ಹೆಚ್ಚು, ಘರ್ಷಣೆ ಹೆಚ್ಚಿದರೆ ಬಿಸಿ ಹೆಚ್ಚು, ಬಿಸಿ ಹೆಚ್ಚಿದರೆ ಇನ್ನಷ್ಟು ಹಿಗ್ಗು. “ಬುಷ್ ಜಾಮ್ ಆಗೇತ್ರಿ” ಎಂದು ಮಗ್ಗ ರಿಪೇರಿಯ ಜಾಬರ್ ಹೇಳುವ ಹೊತ್ತಿಗೆ ಈ ಚಕ್ರ ಕೆಲವು ಸುತ್ತು ಮುಗಿಸಿರುತ್ತದೆ. ಹೀಗಾಗಿಯೇ ಅನುಭವಿ ಲೇಥ್ ಕೆಲಸಗಾರರು ನೈಲಾನಿಗೆ ಗನ್‌ಮೆಟಲ್ಲಿಗಿಂತ ಹೆಚ್ಚು ಗ್ಯಾಪ್ ಬಿಟ್ಟು ಕಡೆಯುತ್ತಾರೆ. ಎಂಜಿನಿಯರುಗಳು ಇದನ್ನೇ ಬೇರೆ ರೀತಿ ಕಟ್ಟಿಹಾಕಿದ್ದಾರೆ: ಪ್ರತಿ ಪ್ಲಾಸ್ಟಿಕ್ ಬೇರಿಂಗಿಗೂ ಒತ್ತಡ ಮತ್ತು ವೇಗಗಳ ಗುಣಲಬ್ಧಕ್ಕೆ ಒಂದು ಮಿತಿ, ಅದರಾಚೆ ಹೋಗಕೂಡದು.

ನೈಲಾನಿಗೆ ತೇವದ ಚಟವೂ ಉಂಟು. ನೀರಿನಲ್ಲಿ ಅದ್ದಿಟ್ಟರೆ ನೈಲಾನ್ 6 ತನ್ನ ತೂಕದ ಶೇಕಡಾ 9ರಷ್ಟು ನೀರು ಕುಡಿಯುತ್ತದೆ. ನೀರು ಸರಪಳಿಗಳ ನಡುವೆ ನುಸುಳಿ ಮೆತ್ತಗಾಗುವ ಗಡಿಯನ್ನು, ಒಣಗಿದ್ದಾಗ 50 ಡಿಗ್ರಿಯಷ್ಟಿದ್ದದ್ದನ್ನು, ಮಾಮೂಲಿ ಹವೆಯ ಮಟ್ಟಕ್ಕೂ ಕೆಳಗೆ ಇಳಿಸಿಬಿಡುತ್ತದೆ. ಪೆಟ್ಟು ತಿನ್ನುವ ಭಾಗಕ್ಕೆ ಇದು ಒಳ್ಳೆಯದೇ. ಒಣ ನೈಲಾನ್ ಸಿಡಿಯುತ್ತದೆ, ತೇವ ಕುಡಿದದ್ದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹೊಸ ನೈಲಾನ್ ಭಾಗಗಳನ್ನು ಬಿಸಿನೀರಿನಲ್ಲಿ ಕುದಿಸಿ ಬಳಸುವ ರೂಢಿಯ ಹಿಂದಿರುವುದು ಈ ಗುಟ್ಟು. ಬುಷ್ಷಿಗಾದರೆ ಅದೇ ತೇವ ಉಬ್ಬರ ತಂದು ತೂತನ್ನು ಕಿರಿದು ಮಾಡುತ್ತದೆ.

ಬಿಸಿಗೆ ಬಗ್ಗದ ಪ್ಲಾಸ್ಟಿಕ್ಕುಗಳಿಲ್ಲವೆಂದಲ್ಲ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ತಯಾರಿಸಿದ ಬೇಕಲೈಟಿನಲ್ಲಿ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡು ಬಲೆಯಾಗಿರುತ್ತವೆ. ಅದು ಕರಕಲಾದೀತೇ ಹೊರತು ಕರಗದು. ಹಳೆಯ ಪಂಪ್ ಮನೆಗಳ ಫ್ಯೂಜು, ಸ್ವಿಚ್ಚುಗಳಲ್ಲಿ ಅದು ಬಹಳ ಕಾಲ ದುಡಿಯಿತು. ನೈಲಾನಿಗೆ ಶೇಕಡಾ 30 ಗಾಜಿನ ನಾರು ಬೆರೆಸಿದರೆ ಭಾರದಡಿ ಬಾಗುವ ಉಷ್ಣತೆ 65 ಡಿಗ್ರಿಯ ಆಸುಪಾಸಿನಿಂದ 200ರ ಆಸುಪಾಸಿಗೆ ಜಿಗಿಯುತ್ತದೆ. ದೋಸೆ ತವೆಯ ಟೆಫ್ಲಾನಿನ ಘರ್ಷಣೆಯ ಗುಣಾಂಕ 0.1ಕ್ಕಿಂತಲೂ ಕಡಿಮೆ ಇರಬಲ್ಲದು, ಕರಗುವುದು 327ಕ್ಕೆ. ಆದರೆ ಅದು ಬಲು ಮೆದು, ಸವೆತವೂ ಹೆಚ್ಚು. ಇವೆಲ್ಲ ತುಟ್ಟಿ ಬಾಬತ್ತು. ಹೊಲಕ್ಕೆ ನೀರು ಹಾಯಿಸಲು ಪಿವಿಸಿ, ಪಾಲಿಥೀನುಗಳೇ ಗತಿ.

ಅವುಗಳೊಂದಿಗೆ ಬಾಳುವೆ ಮಾಡುವುದೇನೂ ಕಷ್ಟವಲ್ಲ. ಪೈಪನ್ನು ಮೂರಡಿ ಆಳಕ್ಕೆ ಹೂಳಿ. ಹಗಲು ರಾತ್ರಿಯ ಉಷ್ಣತೆಯ ಏರಿಳಿತ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಎರಿ ಮಣ್ಣು ಬಿರಿಯುವಾಗ ಪೈಪನ್ನು ಎಳೆದಾಡುತ್ತದೆ, ಸುತ್ತ ಒಂದಿಷ್ಟು ಉಸುಕು ಹಾಕಿ. ಮೇಲೆಯೇ ಬಿಡಬೇಕಾದ ಕಡೆ ರವದಿಯನ್ನು ಸುಡುವ ಬದಲು ಪೈಪಿನ ಮೇಲೆ ಹರಡಿದರೂ ನೆರಳಾಗುತ್ತದೆ. ಅದೂ ಆಗದಿದ್ದರೆ ನಾಲ್ಕು ಕೆಜಿ ಒತ್ತಡದ ಲೈನಿಗೆ ಆರರ ಬದಲು ಹತ್ತು ಕೆಜಿಯ ಪೈಪು ಕೊಳ್ಳಿ. ಕರೆಂಟು ಬಂದ ಕೂಡಲೇ ಪಂಪಿನ ಬಳಿಯ ವಾಲ್ವ್ ಪೂರ್ತಿ ತೆಗೆಯದೆ ಐದು ನಿಮಿಷ ಅರ್ಧ ತೆಗೆದು ತಣ್ಣೀರು ಹರಿಯಲು ಬಿಡಿ, ಆಮೇಲೆ ಪೂರ್ತಿ ತೆಗೆಯಿರಿ.